ಶಾಲೆ ಮಕ್ಕಳಿಗೆ ಕ್ರಿಕೆಟ್ ತಂತ್ರ ಮೊದಲು ಕಲಿಸಬೇಕಾ, ಅಂಪೈರಿಂಗಾ?

ನಿಮ್ಮ ಹೈಸ್ಕೂಲ್ ಮಕ್ಕಳು ಚೆನ್ನಾಗಿಯೇ ಆಡುತ್ತಾರೆ, ಆದರೆ ಪ್ರತಿ ಮ್ಯಾಚೂ ಜಗಳದಲ್ಲೇ ಮುಗಿಯುತ್ತದೆ ಅಂದಿದ್ದೀರಿ. ತಂತ್ರ, ಅಂಪೈರಿಂಗ್ ಎರಡರಲ್ಲಿ ಯಾವುದನ್ನು ಮೊದಲು ಕಲಿಸಲಿ ಅಂತ ಕೇಳಿದ್ದೀರಿ. ಪಿಟಿ ಮೇಷ್ಟ್ರಾಗಿ ನಾನು ಹೇಳೋದು: ಅಂಪೈರಿಂಗ್. ತಂತ್ರ ಅದರ ಬೆನ್ನಿಗೇ ಬರುತ್ತದೆ.

ನಾನು ಮೊದಲ ವರ್ಷ ಮಾಡಿದ ತಪ್ಪು ನೀವು ಮಾಡಬೇಡಿ. ಕ್ರಿಕೆಟ್ ನಿಯಮ ಬರೆಯುವ ಲಂಡನ್ನಿನ ಕ್ಲಬ್ ಎಂಸಿಸಿಯ 42 ನಿಯಮಗಳ ಸಾರಾಂಶ ಬರೆದು, ಜೆರಾಕ್ಸ್ ಮಾಡಿಸಿ ಹಂಚಿದೆ. ಸಂಜೆಗೆ ಅರ್ಧ ಹಾಳೆ ರಾಕೆಟ್ ಆಗಿ ಹಾರಿದ್ದವು. ಮರುವರ್ಷ ಒಂದೇ ಒಂದು ನಿಯಮ ಮಾಡಿದೆ: ನಾಲ್ಕು ಓವರ್ ಅಂಪೈರ್ ಆಗಿ ನಿಲ್ಲದವರಿಗೆ ಮುಂದಿನ ಮ್ಯಾಚಲ್ಲಿ ಬ್ಯಾಟಿಂಗ್ ಇಲ್ಲ. ಸೈನ್ಸ್ ಲ್ಯಾಬಿಂದ ಎರಡು ಬಿಳಿ ಕೋಟು ತಂದೆ. ಬಾಲ್ ಎಣಿಸೋಕೆ ಆರು ಹುಣಸೆ ಬೀಜ ಕೊಟ್ಟೆ. ಬಾಲಿಗೊಂದು ಬೀಜ ಬಲ ಜೇಬಿಂದ ಎಡ ಜೇಬಿಗೆ. ಕೋಟು ಮೊಣಕಾಲಿನ ಕೆಳಗೆ ಇಳಿಯುತ್ತದೆ, ನಗು ಬರುತ್ತೆ. ಆದರೆ ಅದನ್ನು ಹಾಕಿಕೊಂಡವರ ಮಾತಿಗೆ ಒಂದು ತೂಕ ಬರುತ್ತದೆ.

ಶುರು ಮಾಡೋದು ರನ್ ಔಟಿನಿಂದ. ಸ್ಟಂಪಿನಿಂದ ನಾಲ್ಕು ಅಡಿ ಮುಂದೆ ಸುಣ್ಣದ ಗೆರೆ ಎಳೆಯಿರಿ. ಬಾಲ್ ಹೊಡೆದ ತಕ್ಷಣ ಸ್ಟಂಪಿನ ಹಿಂದಿನಿಂದ ಪಕ್ಕಕ್ಕೆ ಓಡಿ, ಗೆರೆಗೆ ನೇರವಾಗಿ ನಿಲ್ಲೋದನ್ನು ಕಲಿಸಿ. ಇದೊಂದು ಬಂದರೆ ಅರ್ಧ ಜಗಳ ಕಡಿಮೆ. ಒಮ್ಮೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಬೆರಳು ಎತ್ತಿದಳು. ಔಟಾದವನು ಬ್ಯಾಟ್ ಹಿಡಿದುಕೊಂಡು ನನ್ನ ಹತ್ತಿರ ಓಡಿ ಬಂದ. "ನೋಡಿ ಸಾರ್, ಬ್ಯಾಟಿಗೆ ಸುಣ್ಣ ಹತ್ತಿದೆ, ಗೆರೆ ಮುಟ್ಟಿದ್ದೀನಿ!" ಅವಳು ಅಲ್ಲಿಂದಲೇ ಕೂಗಿದಳು, "ಅದಕ್ಕೇ ಔಟು ಕಣೋ. ಮುಟ್ಟಿದರೆ ಸಾಲದು, ದಾಟಬೇಕು." ಅವಳು ಹೇಳಿದ್ದೇ ಸರಿ. ಗೆರೆ ಮೇಲಿದ್ದರೆ ಔಟೇ. ಬೌಲರಿಗೂ ಅಷ್ಟೇ, ಮುಂಗಾಲಿನ ಒಂದಿಷ್ಟಾದರೂ ಗೆರೆಯ ಹಿಂದೆ ಇರಬೇಕು, ಇಲ್ಲದಿದ್ದರೆ ನೋ ಬಾಲ್.

ಎಲ್‌ಬಿಡಬ್ಲ್ಯು, ಅಂದರೆ ಸ್ಟಂಪಿಗೆ ಬೀಳಬೇಕಿದ್ದ ಬಾಲ್ ಕಾಲಿಗೆ ತಾಗಿ ಔಟಾಗೋದು, ಆಮೇಲೆ. ಎರಡೂ ಕಡೆಯ ಸ್ಟಂಪುಗಳ ನಡುವೆ ನೆಲದ ಮೇಲೆ ಎರಡು ಹಗ್ಗ ಎಳೆದು ಪಟ್ಟಿ ತೋರಿಸುತ್ತೇನೆ. ಲೆಗ್ ಸೈಡ್ (ಬ್ಯಾಟರ್ ಬೆನ್ನಿನ ಕಡೆ) ಹಗ್ಗದ ಹೊರಗೆ ಬಾಲ್ ಪಿಚ್ ಆಯಿತಾ, ಅಂದರೆ ನೆಲಕ್ಕೆ ಬಿತ್ತಾ? ನಾಟ್ ಔಟ್. ಮೊದಲು ಬ್ಯಾಟಿಗೆ ತಾಗಿತಾ? ನಾಟ್ ಔಟ್. ಆಫ್ ಸೈಡ್ (ಬ್ಯಾಟರ್ ಎದೆಯ ಕಡೆ) ಹಗ್ಗದ ಹೊರಗೆ ಕಾಲಿಗೆ ಬಿತ್ತು, ಅವನು ಹೊಡೆಯೋಕೂ ನೋಡಿದ್ದ? ಆಗಲೂ ನಾಟ್ ಔಟ್. ಇಷ್ಟೂ ದಾಟಿದ ಮೇಲೆ ಸ್ಟಂಪಿಗೆ ಬೀಳುತ್ತಿತ್ತಾ ಅನ್ನೋ ಪ್ರಶ್ನೆ. ಅನುಮಾನ ಇದ್ದರೆ ಬೆರಳು ಜೇಬಲ್ಲೇ ಇರಲಿ. ಐದು, ಆರನೇ ಕ್ಲಾಸಿನವರಿಗೆ ಎಲ್‌ಬಿಡಬ್ಲ್ಯು ಬೇಡವೇ ಬೇಡ, ಸುಮ್ನೆ ತಲೆನೋವು.

ತಂತ್ರ ಹೇಗೆ ಬರುತ್ತೆ ಅಂದರೆ, ಅಂಪೈರ್ ನಿಲ್ಲೋ ಜಾಗದಿಂದ ಆಟ ಪೂರ್ತಿ ಕಾಣುತ್ತದೆ. ನಾಲ್ಕು ಓವರ್ ನಿಂತು ಬಂದ ಹುಡುಗನೊಬ್ಬ ಕೋಟು ಬಿಚ್ಚುತ್ತಾ ಹೇಳಿದ, "ಸಾರ್, ಅವನು ಎಲ್ಲಾ ಬಾಲೂ ಕಾಲ ಮೇಲೆ ಹಾಕ್ತಾನೆ, ಫೀಲ್ಡರೆಲ್ಲಾ ಆಫ್ ಸೈಡಲ್ಲಿ ನಿಂತಿದ್ದಾರೆ!" ನಾನು ತಿಂಗಳುಗಟ್ಟಲೆ ಕಿರುಚಿಕೊಂಡಿದ್ದು ಅದನ್ನೇ ಅಲ್ವಾ?

ಮಳೆ ಬಂದ ದಿನ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ಮೈದಾನ ಬರೆದು ಫೀಲ್ಡರುಗಳ ಬದಲು ಒಂಬತ್ತು ಬೀಜ ಕೊಡುತ್ತೇನೆ. ಬಾಲ್ ಎಲ್ಲಿ ಹಾಕುತ್ತೀಯ ಅಂತ ಮೊದಲು ಹೇಳಬೇಕು, ಆಮೇಲೆ ಬೀಜ ಇಡಬೇಕು. ಮಕ್ಕಳು ಖಾಲಿ ಜಾಗ ಕಂಡಲ್ಲೆಲ್ಲಾ ಬೀಜ ತುರುಕುತ್ತಾರೆ. ಬೇಕಂತಲೇ ಜಾಗ ಬಿಡಬಹುದು ಅನ್ನೋದೇ ಅವರಿಗೆ ಹೊಸದು. ಆಫ್ ಸ್ಪಿನ್ನರ್ ಆಫ್ ಸೈಡಿನ ಕವರ್ ಜಾಗ ಖಾಲಿ ಬಿಟ್ಟರೆ ಬಲಗೈ ಬ್ಯಾಟರ್‌ಗೆ ಡ್ರೈವ್ ಆಸೆ ಹುಟ್ಟುತ್ತೆ. ಬಾಲ್ ಒಳಕ್ಕೆ ತಿರುಗಿ ಬ್ಯಾಟಿಗೂ ಪ್ಯಾಡಿಗೂ ನಡುವೆ ನುಗ್ಗುತ್ತೆ. ಇದು ಅರ್ಥವಾದ ದಿನ ಅವರ ಮುಖ ನೋಡಬೇಕು ನೀವು.

ಆಡೋಕೆ ಬರದವರೇ ಅಂಪೈರ್ ಆಗೋದು ಅಂತ ಮೂಗು ಮುರಿಯುವವರು ಇದ್ದೇ ಇರುತ್ತಾರೆ. ಅವರಿಗೆ 1999ರ ದೆಹಲಿ ಟೆಸ್ಟಿನ ಕಥೆ ಹೇಳುತ್ತೇನೆ. ಪಾಕಿಸ್ತಾನದ ಮೇಲೆ ಕುಂಬ್ಳೆ 74 ರನ್ನಿಗೆ ಹತ್ತೂ ವಿಕೆಟ್ ತೆಗೆದಾಗ, ಅವರು ಬೌಲ್ ಮಾಡುತ್ತಿದ್ದ ಕಡೆ ಅಂಪೈರ್ ಆಗಿ ನಿಂತಿದ್ದವರು ನಮ್ಮವರೇ, ಕರ್ನಾಟಕಕ್ಕೆ ರಣಜಿ ಆಡಿದ್ದ ಎ.ವಿ. ಜಯಪ್ರಕಾಶ್.

ಇನ್ನೊಂದು ಮಾತು. ಅಂಪೈರ್ ಕೈಗೆ ಸೀಟಿ ಕೊಡಬೇಡಿ. ನಾನು ಕೊಟ್ಟಿದ್ದೆ. ಒಬ್ಬ ಹುಡುಗ ಪ್ರತಿ ವೈಡಿಗೂ ಊದಿದ, ಪಕ್ಕದ ಅಂಗಳದಲ್ಲಿ ಥ್ರೋಬಾಲ್ ಆಡುತ್ತಿದ್ದವರು ಪ್ರತಿ ಸಲ ಆಟ ನಿಲ್ಲಿಸಿ ನನ್ನ ಮುಖ ನೋಡಿದರು.