ತಿಳಿಯದೆ ಹಾಕಿದ ಮತ ಎನ್ನುವ ಮುನ್ನ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಕಳೆದ ಚುನಾವಣೆ ಮುಗಿದ ಮೇಲೆ ನಮ್ಮೂರಿನ ಅರಳಿಕಟ್ಟೆಯಲ್ಲಿ ಕೆಲವರನ್ನು, ಯಾವ ಕಾರಣಕ್ಕೆ ಮತ ಹಾಕಿದಿರಿ ಎಂದು ಕೇಳಿದೆ. ಒಬ್ಬರು ‘ಅವನು ನಮ್ಮವನು’ ಎಂದರು. ಇನ್ನೊಬ್ಬರು ತಮ್ಮ ತಂದೆಯ ತಿಥಿಗೆ ಅಭ್ಯರ್ಥಿ ಬಂದು ಹೋದದ್ದನ್ನು ನೆನೆದರು. ಒಬ್ಬ ತಾಯಿ ಮಗ ಹೇಳಿದ ಗುರುತಿಗೆ ಒತ್ತಿದ್ದರು. ಹಣ ಪಡೆದದ್ದನ್ನು ಮುಚ್ಚಿಡದವರೂ ಇದ್ದರು. ಪ್ರಣಾಳಿಕೆ ಓದಿದವರು ಒಬ್ಬರೂ ಸಿಗಲಿಲ್ಲ. ಇಂಥ ಮತಕ್ಕೂ ಯೋಚಿಸಿ ಹಾಕಿದ ಮತಕ್ಕೂ ಒಂದೇ ಬೆಲೆ ಎನ್ನುವುದು ನ್ಯಾಯವೇ? ಮತದಾನಕ್ಕೆ ಕನಿಷ್ಠ ವಿದ್ಯಾರ್ಹತೆಯನ್ನಾದರೂ ಇಡಬಾರದೇ?
– ನಿವೃತ್ತ ಶಿಕ್ಷಕರೊಬ್ಬರು, ತಿಪಟೂರು ತಾಲ್ಲೂಕು

ಉತ್ತರ: ಮಾನ್ಯರೇ, ನಿಮ್ಮ ಕಡೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ನೀವು ಕೇಳುತ್ತಿರುವ ವ್ಯವಸ್ಥೆ ನಮ್ಮ ನೆಲದಲ್ಲಿ ಇದ್ದು ಹೋದದ್ದೇ ಆಗಿದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಮುಂದೆ ಚುನಾವಣೆಗಳು ನಡೆದಾಗ, ಕಂದಾಯ, ಆಸ್ತಿ, ವಿದ್ಯೆಗಳ ಅರ್ಹತೆ ಇದ್ದವರಿಗೆ ಮಾತ್ರ ಮತದ ಹಕ್ಕಿತ್ತು. ಉಳುವವನ, ಕೂಲಿಯವಳ ಮಾತು ಆ ಸಭೆಯನ್ನು ಮುಟ್ಟುವುದಕ್ಕೆ ಬೇರೆಯವರ ದಯೆ ಬೇಕಾಗಿತ್ತು. ವಯಸ್ಕರೆಲ್ಲರಿಗೂ ಮತದ ಹಕ್ಕು ಕೊಟ್ಟ ಸಂವಿಧಾನದ 326ನೆಯ ವಿಧಿ ಅದನ್ನು ಕೊನೆಗಾಣಿಸಿತು. 1951ರ ಜನಗಣತಿಯ ಪ್ರಕಾರ ದೇಶದ ಸಾಕ್ಷರತೆ ಶೇ 18ರಷ್ಟಿತ್ತು. ಆ ಹೊತ್ತಿನ ಮೊದಲ ಸಾರ್ವತ್ರಿಕ ಚುನಾವಣೆಯಲ್ಲೂ ಓದು ಬಾರದವರನ್ನು ಹೊರಗಿಡಲಿಲ್ಲ. ಬದಲಾಗಿ ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಚಿಹ್ನೆ ಅಂಟಿಸಿ, ಮತಪತ್ರವನ್ನು ಬೇಕಾದ ಪೆಟ್ಟಿಗೆಗೆ ಹಾಕಿದರೆ ಸಾಕೆಂದು ಏರ್ಪಾಡು ಮಾಡಲಾಯಿತು. ಆ ನಿರ್ಧಾರ ಸರಿಯಾಗಿತ್ತೆಂದು ನಾನು ಪೂರ್ಣವಾಗಿ ನಂಬುತ್ತೇನೆ. ಕಾನೂನಿನ ಪೆಟ್ಟು ಯಾರ ಮೇಲೆ ಹೆಚ್ಚು ಬೀಳುತ್ತದೆಯೋ ಅವರೇ ಓದಿನಿಂದ ವಂಚಿತರೂ ಆಗಿರುವಾಗ, ಮತವನ್ನೂ ಕಸಿದುಕೊಳ್ಳುವುದೆಂದರೆ ಒಂದು ಅನ್ಯಾಯಕ್ಕೆ ಇನ್ನೊಂದನ್ನು ಸೇರಿಸಿದಂತೆ.

ಇನ್ನು ಅರಳಿಕಟ್ಟೆಯಲ್ಲಿ ನೀವು ಕೇಳಿಸಿಕೊಂಡ ಕಾರಣಗಳು. ಅವನ್ನೆಲ್ಲ ಅಜ್ಞಾನ ಎಂಬ ಒಂದೇ ಮಾತಿನಲ್ಲಿ ಕಟ್ಟಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಬಗರ್‌ಹುಕುಂ ಜಮೀನಿನ, ಅಂದರೆ ಅನುಮತಿಯಿಲ್ಲದೆ ಉಳುತ್ತಿರುವ ಸರ್ಕಾರಿ ಜಮೀನಿನ, ಸಕ್ರಮಕ್ಕೆ ಅರ್ಜಿ ಹಾಕಿದ ರೈತನನ್ನು ನೆನೆಯಿರಿ. ಆ ಅರ್ಜಿ ಹೋಗುವ ತಾಲ್ಲೂಕು ಸಮಿತಿಗೆ ಶಾಸಕರೇ ಅಧ್ಯಕ್ಷರು. ಮನೆಯಿಲ್ಲದವರಿಗೆ ನಿವೇಶನ ಹಂಚುವ ಆಶ್ರಯ ಸಮಿತಿಯಲ್ಲೂ ಶಾಸಕರ ಮಾತು ನಡೆಯುತ್ತದೆ. ಸುಟ್ಟುಹೋದ ವಿದ್ಯುತ್ ಟಿ.ಸಿ. (ಪರಿವರ್ತಕ) ಬದಲಾಗಬೇಕು, ನಿಂತುಹೋದ ವಿಧವಾ ವೇತನ ಮತ್ತೆ ಬರಬೇಕು, ಆಸ್ಪತ್ರೆಯಲ್ಲಿ ಹಾಸಿಗೆ ಸಿಗಬೇಕು ಎಂದಾಗಲೂ ಯಾರಾದರೂ ಒಂದು ಮಾತು ಹೇಳಿಸಬೇಕಾದ ಸ್ಥಿತಿ ಇದೆ. ಸುಮಾರು ಎರಡೂಕಾಲು ಲಕ್ಷ ಮತದಾರರ ಕ್ಷೇತ್ರದಲ್ಲಿ ಒಬ್ಬ ಬಡವ ‘ನಾಳೆ ಕಷ್ಟ ಬಂದರೆ ಯಾರ ಮನೆಯ ಬಾಗಿಲು ತಟ್ಟಬಲ್ಲೆ’ ಎಂದು ಕೇಳಿಕೊಂಡು ಮತ ಹಾಕಿದರೆ, ಅದು ಅನುಭವದಿಂದ ಬಂದ ತಿಳಿವಳಿಕೆಯೇ. ತಿಥಿಗೆ ಬಂದವನು ಕೈಗೆ ಸಿಗುತ್ತಾನೆ, ನಮ್ಮ ಜಾತಿಯವನು ಬಾಗಿಲಲ್ಲಿ ನಿಲ್ಲಿಸಿ ಕಳಿಸಲಾರ ಎಂಬ ಲೆಕ್ಕ ಅದರ ಹಿಂದಿದೆ. ಆ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. ಅದೇ ಊರಿನ ಬೇರೆ ಜಾತಿಯ ಬಡವನನ್ನು ಅದು ಹೊರಗೂ ನಿಲ್ಲಿಸುತ್ತದೆ. ಜಾತಿಯ ಹೆಸರಿನಲ್ಲಿ ಮತ ಯಾಚಿಸುವುದನ್ನು 1951ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ 123ನೆಯ ಸೆಕ್ಷನ್ ಭ್ರಷ್ಟ ಆಚರಣೆ ಎಂದು ಕರೆದಿದೆ. ಆದರೆ ಕಚೇರಿಯ ಕೆಲಸ ಶಿಫಾರಸಿಲ್ಲದೆ ನಡೆಯುವಂತಾಗುವವರೆಗೆ ಆ ಲೆಕ್ಕ ಬಿಡಿ ಎಂದು ಮತದಾರನಿಗೆ ಉಪದೇಶಿಸುವುದು ಸುಲಭವಲ್ಲ.

ಮತದಾರರು ವಿವೇಚನೆ ತೋರಿದ್ದಕ್ಕೆ ನಮ್ಮ ರಾಜ್ಯದಲ್ಲೇ ಗಟ್ಟಿಯಾದ ಸಾಕ್ಷ್ಯವಿದೆ. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ಸಿಗೆ ಬಂದವು, ರಾಜ್ಯವನ್ನು ಆಳುತ್ತಿದ್ದ ಜನತಾ ಪಕ್ಷಕ್ಕೆ 4 ಉಳಿದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಹೊಸ ಜನಾದೇಶ ಕೇಳಿದರು. ಮೂರೇ ತಿಂಗಳಲ್ಲಿ, 1985ರ ಮಾರ್ಚಿನಲ್ಲಿ, ಅದೇ ಜನತಾ ಪಕ್ಷ ವಿಧಾನಸಭೆಯ 224ರಲ್ಲಿ 139 ಸ್ಥಾನ ಗೆದ್ದಿತು. ದೆಹಲಿಗೆ ಯಾರು, ಬೆಂಗಳೂರಿಗೆ ಯಾರು ಎಂಬುದನ್ನು ಬೇರೆ ಬೇರೆಯಾಗಿ ತೂಗಿದವರು ಹೆಚ್ಚಾಗಿ ಪ್ರಣಾಳಿಕೆ ಓದಿದವರೇನೂ ಆಗಿರಲಿಲ್ಲ. 2023ರಲ್ಲಿ ಕಾಂಗ್ರೆಸ್ಸಿಗೆ 135 ಶಾಸಕರನ್ನು ಕೊಟ್ಟ ರಾಜ್ಯ ಮರುವರ್ಷ ಬಿಜೆಪಿಯ 17 ಸಂಸದರನ್ನು ಕಳಿಸಿತು. 2019ರಲ್ಲಿ ಮಂಡ್ಯದಲ್ಲಿ ಪಕ್ಷೇತರರಾಗಿ ನಿಂತಿದ್ದ ಸುಮಲತಾ ಅವರ ಹೆಸರಿನವರೇ ಇನ್ನೂ ಮೂವರು ಕಣದಲ್ಲಿದ್ದರು. ಆದರೂ ಜನ ಕಹಳೆ ಊದುವ ರೈತನ ಚಿಹ್ನೆಯನ್ನು ಗುರುತಿಟ್ಟುಕೊಂಡು ಒತ್ತಿದರು. ಗೆಲುವಿನ ಅಂತರ 1.25 ಲಕ್ಷ ಮೀರಿತು. ನಿಮ್ಮೂರಿನ ಆ ತಾಯಿ ಮಗನನ್ನು ಗುರುತು ಕೇಳಿದ್ದು ಇಂಥ ಗೊಂದಲ ತಪ್ಪಿಸಿಕೊಳ್ಳಲೂ ಇರಬಹುದು.

ಹಣದ ವಿಚಾರದಲ್ಲಿ ಮಾತ್ರ ನಾನು ನಿಮ್ಮ ಜೊತೆಗಿದ್ದೇನೆ. ಮತಕ್ಕಾಗಿ ಹಣ ಕೊಡುವುದೂ ಅಪರಾಧ, ಪಡೆಯುವುದೂ ಅಪರಾಧ. ಪಡೆದವರೆಲ್ಲ ಕೊಟ್ಟವರಿಗೇ ಹಾಕುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಾನಿ ಅದಕ್ಕಿಂತ ಮೊದಲೇ ಆಗಿರುತ್ತದೆ. ವಿಧಾನಸಭೆ ಅಭ್ಯರ್ಥಿಯ ವೆಚ್ಚಕ್ಕೆ 2022ರಲ್ಲಿ ನಿಗದಿಯಾದ 40 ಲಕ್ಷ ರೂಪಾಯಿಯ ಮಿತಿಯೊಳಗೆ ನಿಜವಾಗಿ ಸ್ಪರ್ಧಿಸಬಲ್ಲ ಪ್ರಾಮಾಣಿಕನಿಗೆ, ನಿನ್ನಲ್ಲಿ ಎಷ್ಟಿದೆ ಎಂದು ಕೇಳಿ ಟಿಕೆಟ್ ನಿರಾಕರಿಸುತ್ತಾರೆ. ಆಯ್ಕೆಗೆ ಕಾರಣ ಕೇಳುವುದಾದರೆ ಪಕ್ಷಗಳನ್ನೇ ಮೊದಲು ಕೇಳಬೇಕು. ಕ್ರಿಮಿನಲ್ ಪ್ರಕರಣ ಇರುವವರಿಗೆ ಟಿಕೆಟ್ ಕೊಟ್ಟರೆ ಕಾರಣವನ್ನು ಬಹಿರಂಗಪಡಿಸಬೇಕು, ಬರಿಯ ಗೆಲ್ಲುವ ಸಾಮರ್ಥ್ಯ ಕಾರಣವಾಗದು ಎಂದು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಆದೇಶಿಸಿದೆ. ಆ ಪ್ರಕಟಣೆಗಳನ್ನು ನಮ್ಮಲ್ಲಿ ಎಷ್ಟು ವಿದ್ಯಾವಂತರು ಓದಿದ್ದೇವೆ? 2023ರಲ್ಲಿ ರಾಜ್ಯದ ಮತದಾನ ಶೇ 73 ದಾಟಿದಾಗ, ಶಾಲೆ ಕಾಲೇಜುಗಳಿಂದ ತುಂಬಿದ ಬೆಂಗಳೂರು ನಗರ ಅರ್ಧಕ್ಕಿಂತ ತುಸು ಮೇಲಷ್ಟೇ ನಿಂತಿತು.

ನಿಜವಾದ ಅರಿವಿನ ಕೊರತೆ ಇರುವುದು ಬೇರೆಡೆ. ತಮ್ಮ ಶಾಸಕರು ಸದನದಲ್ಲಿ ಎಷ್ಟು ದಿನ ಕುಳಿತರು, ಏನು ಕೇಳಿದರು, ಚರ್ಚೆಯಿಲ್ಲದೆ ಅಂಗೀಕಾರವಾದ ಮಸೂದೆಗಳಿಗೆ ಕೈ ಎತ್ತಿದರೇ ಎಂಬುದು ಊರಿನಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ತಿಳಿಸಬೇಕಾದವರು ಪತ್ರಿಕೆಗಳು, ಶಿಕ್ಷಕರು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಿಂದ ಬಂದ ಪ್ರಮಾಣಪತ್ರದ ವ್ಯವಸ್ಥೆ ನಿಮಗೆ ಗೊತ್ತಿರುತ್ತದೆ. ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯೆ, ಮೊಕದ್ದಮೆಗಳು ಅದರಲ್ಲಿ ಇರುತ್ತವೆ, ಮತ್ತು ಅದು ಚುನಾವಣಾ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ಮುಂದಿನ ಸಲ ನಾಮಪತ್ರ ಸಲ್ಲಿಕೆ ಮುಗಿದ ವಾರ, ಅದೇ ಅರಳಿಕಟ್ಟೆಯಲ್ಲಿ ಎಲ್ಲ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನೂ, ಹಾಲಿ ಶಾಸಕರು ಐದು ವರ್ಷದ ಹಿಂದೆ ಕೊಟ್ಟದ್ದನ್ನೂ ಪಕ್ಕಪಕ್ಕದಲ್ಲಿಟ್ಟು, ಯಾರ ಪರವೂ ಮಾತಾಡದೆ, ಗಟ್ಟಿಯಾಗಿ ಓದಿ ಹೇಳುವಿರಾ? ಅಲ್ಲಿ ಏನಾಯಿತೆಂದು ನಮಗೆ ಬರೆಯಿರಿ, ಪ್ರಕಟಿಸುತ್ತೇವೆ.

ಪ್ರಶ್ನೆ: ಇದು ನನ್ನ ಮೊದಲ ಮತ. ನೋಟಾಕ್ಕೆ (ಮೇಲಿನ ಯಾರೂ ಅಲ್ಲ ಎಂಬ ಆಯ್ಕೆಗೆ) ಹೆಚ್ಚು ಮತ ಬಂದರೆ ಮರುಚುನಾವಣೆ ನಡೆಯುತ್ತದೆಯೇ?
– ವಿದ್ಯಾರ್ಥಿನಿ, ಹುಬ್ಬಳ್ಳಿ

ಉತ್ತರ: ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ನಡೆಯುವುದಿಲ್ಲ. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಈ ಅವಕಾಶ ನಿಮ್ಮ ಅಸಮ್ಮತಿಯನ್ನು ಗುಟ್ಟಾಗಿ ದಾಖಲಿಸುತ್ತದೆ. ಗೆಲ್ಲುವುದು ಅಭ್ಯರ್ಥಿಗಳಲ್ಲಿ ಹೆಚ್ಚು ಮತ ಪಡೆದವರೇ. ಆದ್ದರಿಂದ ಆ ಗುಂಡಿ ಒತ್ತುವ ಮೊದಲು ಪಟ್ಟಿಯಲ್ಲಿ ಕೆಳಗಿರುವ, ನೀವು ಹೆಸರೇ ಕೇಳದ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನೂ ಒಮ್ಮೆ ಓದಿ ನೋಡಿ.