ಕುಮ್ಕಿ ಜಾಗಕ್ಕೂ ಹನಿ ನೀರಾವರಿ ಸಬ್ಸಿಡಿ ಸಿಗುತ್ತಾ?

ಹೆಬ್ರಿ ಕಡೆ ಅಡಿಕೆ ತೋಟ, ಅರ್ಧ ಕುಮ್ಕಿಯಲ್ಲಿದೆ (ಅಂದರೆ ನಮ್ಮ ಜಾಗಕ್ಕೆ ತಾಗಿದ, ಸೊಪ್ಪು ತರಗೆಲೆ ತರಲು ಬಿಟ್ಟಿರುವ ಸರ್ಕಾರಿ ಜಾಗ), ಮೊದಲು ಪೈಪ್ ಹಾಕಿಸಿ ಆಮೇಲೆ ಅರ್ಜಿ ಕೊಡಬಹುದಾ ಅಂತ ಕೇಳಿದ್ದೀರಲ್ವಾ? ಬೇಡ ಮಾರಾಯ್ರೇ, ಮೊದಲು ಅರ್ಜಿ. ತೋಟಗಾರಿಕೆ ಇಲಾಖೆಯಿಂದ ಕೆಲಸದ ಆದೇಶ ಬಂದ ಮೇಲೇ ಹಾಕಿಸಿ, ಅಂಗಡಿಯವರು ಅವಸರ ಮಾಡಿದರೂ ಸುಮ್ನೆ ತಲೆ ಆಡಿಸಬೇಡಿ.

ಕುಮ್ಕಿಯದ್ದೇ ದೊಡ್ಡ ತಲೆನೋವು. ನಿಮ್ಮ ಅಜ್ಜನ ಕಾಲದಿಂದ ಸೊಪ್ಪು ತರಗೆಲೆ ತಂದಿರಬಹುದು, ಬೇಲಿಯೂ ಇರಬಹುದು, ಆದರೆ ದಾಖಲೆಯಲ್ಲಿ ಅದು ಸರ್ಕಾರಿ ಜಾಗ. ಸಬ್ಸಿಡಿ ಲೆಕ್ಕ ಹಾಕುವುದು ಪಹಣಿ ನೋಡಿ. ಹಾಗಾಗಿ ವರ್ಗ ಜಾಗಕ್ಕೆ, ಅಂದರೆ ಪಹಣಿ ಇರುವ ಸ್ವಂತ ಜಾಗಕ್ಕೆ ಮಾತ್ರ ಅರ್ಜಿ ಕೊಡಿ. ಪಹಣಿ ಇನ್ನೂ ತಂದೆಯವರ ಹೆಸರಲ್ಲೋ ಜಂಟಿಯಲ್ಲೋ ಇದ್ದರೆ ಈಗಲೇ ಸರಿ ಮಾಡಿಸಿ, ಫ್ರೂಟ್ಸ್ ಐಡಿಗೆ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಆ ಸರ್ವೆ ನಂಬರ್ ಸೇರಿದೆಯಾ ನೋಡಿ. ನಮ್ಮ ಕಡೆ ಜಾಸ್ತಿ ಅರ್ಜಿ ಸಿಕ್ಕಿಬೀಳುವುದು ಇಲ್ಲೇ.

ದುಡ್ಡಿನ ವಿಷಯ: ಕೇಂದ್ರದ ಮಾರ್ಗಸೂಚಿಯಲ್ಲಿ ಸಣ್ಣ, ಅತಿ ಸಣ್ಣ ರೈತರಿಗೆ ಶೇ. 55, ಉಳಿದವರಿಗೆ ಶೇ. 45, ಗರಿಷ್ಠ 5 ಹೆಕ್ಟೇರ್. ರಾಜ್ಯ ಅದರ ಮೇಲೆ ಸೇರಿಸುತ್ತದೆ, ಈ ವರ್ಷದ್ದು ಎಷ್ಟು ಅಂತ ತೋಟಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲೇ ಕೇಳಿ. ಲೆಕ್ಕ ಹಾಕುವುದು ನಿಗದಿತ ದರದ ಮೇಲೆ, ಅಂಗಡಿ ಬಿಲ್ಲಿನ ಮೇಲಲ್ಲ.

ಬೋರ್‌ವೆಲ್ ನೀರು ಕೆಂಪಾಗಿ ಬರುತ್ತಿದ್ದರೆ ಫಿಲ್ಟರ್‌ನಲ್ಲಿ ಮಾತ್ರ ಜಿಪುಣತನ ಮಾಡಬೇಡಿ.