ಕಪ್ ಗೆದ್ದವರನ್ನೇ ಕೋಚ್ ಮಾಡಬೇಕೇ?

ಪ್ರಶ್ನೆ: ನಮ್ಮ ಫುಟ್‌ಬಾಲ್ ಕ್ಲಬ್‌ಗೆ ಹೊಸ ಕೋಚ್ ಬೇಕಾಗಿದ್ದಾರೆ. ಅರ್ಜಿ ಹಾಕಿದವರಲ್ಲಿ ಒಬ್ಬರು ಬೆಂಗಳೂರಿನ ಬಲಿಷ್ಠ ತಂಡದೊಂದಿಗೆ ಹಲವು ಕಪ್ ಗೆದ್ದವರು. ಇನ್ನೊಬ್ಬರು ಹಾಸನದಲ್ಲಿ ಸಣ್ಣ ತಂಡವೊಂದನ್ನು ನಾಲ್ಕು ವರ್ಷ ನಡೆಸಿದವರು, ಹೇಳಿಕೊಳ್ಳುವಂಥ ಗೆಲುವಿಲ್ಲ. ಮೊದಲನೆಯವರನ್ನು ಬಿಟ್ಟರೆ ಸದಸ್ಯರಿಗೆ ಏನು ಉತ್ತರ ಹೇಳುವುದು?
– ಕ್ಲಬ್ ಕಾರ್ಯದರ್ಶಿ, ಚಿಕ್ಕಮಗಳೂರು

ಉತ್ತರ: ಕಪ್‌ಗಳನ್ನು ಎಣಿಸುವ ಮೊದಲು, ತಂಡ ಆ ಕೋಚ್ ಕೈಗೆ ಬಂದಾಗ ಯಾವ ಸ್ಥಿತಿಯಲ್ಲಿತ್ತು, ಅವರು ಬಿಟ್ಟ ಮೇಲೆ ಏನಾಯಿತು ಎಂಬುದನ್ನು ವಿಚಾರಿಸಿ. 2025ರ ಆಗಸ್ಟ್‌ನಲ್ಲಿ ಭಾರತ ತಂಡದ ಕೋಚ್ ಆಗಿ ನೇಮಕಗೊಂಡ ಖಾಲಿದ್ ಜಮೀಲ್ ಅವರು ಅದಕ್ಕೂ ಹಿಂದೆ ಮುಂಬೈ ಎಫ್‌ಸಿಯಲ್ಲಿ ಹಲವು ವರ್ಷ ಕೋಚ್ ಆಗಿದ್ದರೂ, ಆಗ ದೇಶದ ಪ್ರಮುಖ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್ ಅನ್ನು ಒಮ್ಮೆಯೂ ಗೆಲ್ಲಲಿಲ್ಲ. ಆದರೆ ಕಡಿಮೆ ಹಣದ ಆ ತಂಡ ಕೆಳಗಿನ ದರ್ಜೆಗೆ ಜಾರದಂತೆ ನೋಡಿಕೊಂಡರು. ಅವರು ಹೊರನಡೆದ ಮರುಋತುವಿನಲ್ಲೇ, ಅಂದರೆ 2016–17ರಲ್ಲಿ, ಮುಂಬೈ ತಂಡ ಕೊನೆಯ ಸ್ಥಾನಕ್ಕೆ ಕುಸಿಯಿತು, ಅದೇ ಋತುವಿನಲ್ಲಿ ಅವರು ಮಿಜೋರಾಂನ ಐಜ್ವಾಲ್ ತಂಡಕ್ಕೆ ಐ-ಲೀಗ್ ಗೆದ್ದುಕೊಟ್ಟರು. ಕಪ್ ಮಾತ್ರ ನೋಡುವವರು ಅವರ ಅರ್ಜಿಯನ್ನು ಅಂದು ಬದಿಗಿಡುತ್ತಿದ್ದರು.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮ ಮುಂದಿದೆ. ಮನೋಲೊ ಮಾರ್ಕೆಜ್ ಅವರು 2021–22ರಲ್ಲಿ ಹೈದರಾಬಾದ್ ತಂಡಕ್ಕೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದುಕೊಟ್ಟ, ನಿಜಕ್ಕೂ ಸಮರ್ಥ ಕೋಚ್. ಆದರೆ ಗೋವಾ ಕ್ಲಬ್‌ನ ಹೊಣೆಯನ್ನೂ ಹೊತ್ತುಕೊಂಡೇ ಭಾರತ ತಂಡವನ್ನು ವಹಿಸಿಕೊಂಡಾಗ, ಎಂಟು ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದರು. ಕ್ಲಬ್‌ನಲ್ಲಿ ದಿನವೂ ಅಭ್ಯಾಸ ಮಾಡಿಸಿ ತಂಡ ಕಟ್ಟುವ ಕೆಲಸವೇ ಬೇರೆ, ಆಗೊಮ್ಮೆ ಈಗೊಮ್ಮೆ ಕೆಲವೇ ದಿನ ಸೇರುವ ಆಟಗಾರರನ್ನು ಒಂದುಗೂಡಿಸುವುದೇ ಬೇರೆ. ನಿಮ್ಮ ಹುಡುಗರು ಕೆಲಸ ಮುಗಿಸಿ ಸಂಜೆ ಮೈದಾನಕ್ಕೆ ಬರುವವರಾದರೆ, ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅರ್ಧ ತಂಡವೇ ಸಿಗದಿದ್ದರೆ, ಮಳೆಗಾಲದಲ್ಲಿ ಮೈದಾನವೇ ಕೆಸರಾಗುವುದಾದರೆ, ಇಂಥ ತಂಡವನ್ನು ನಡೆಸಿದ ಅನುಭವ ಯಾರಿಗಿದೆ ಎಂಬುದೇ ನಿಮಗೆ ಮುಖ್ಯ.

ಸೋತವರು ಹೊರಬೀಳುವ ನಾಕೌಟ್ ಟೂರ್ನಿಯ ಕಪ್‌ಗೆ ಹೆಚ್ಚು ಬೆಲೆ ಕಟ್ಟಬೇಡಿ, ಒಂದೆರಡು ಪಂದ್ಯಗಳ ಅದೃಷ್ಟದಿಂದಲೂ ಅದು ಸಿಗಬಹುದು. ರಾಬರ್ಟೊ ಡಿ ಮ್ಯಾಟಿಯೊ ಕೋಚ್ ಆಗಿದ್ದ ಇಂಗ್ಲೆಂಡಿನ ಚೆಲ್ಸಿ ಕ್ಲಬ್, ಕೊನೆಯ ಹಂತಗಳು ನಾಕೌಟ್ ಆಗಿರುವ ಯುರೋಪಿನ ಚಾಂಪಿಯನ್ಸ್ ಲೀಗ್ ಅನ್ನು 2012ರ ಮೇ ತಿಂಗಳಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಗೆದ್ದಿತು, ಅದೇ ನವೆಂಬರ್‌ನಲ್ಲಿ ಅವರನ್ನೇ ತೆಗೆದುಹಾಕಿತು. ಇಡೀ ಋತುವಿನ ಲೀಗ್ ಫಲಿತಾಂಶ ಹೆಚ್ಚು ನಂಬತಕ್ಕದ್ದು.

ಬೆಂಗಳೂರಿನವರು ಸೇರುವ ಮೊದಲೇ ಆ ತಂಡ ಗೆಲ್ಲುತ್ತಿತ್ತೇ ಎಂದು ಕೇಳಿ. ಹಾಸನದವರ ನಾಲ್ಕೂ ವರ್ಷಗಳ ಫಲಿತಾಂಶ ತರಿಸಿ, ಬಿಟ್ಟುಕೊಟ್ಟ ಗೋಲುಗಳು ವರ್ಷದಿಂದ ವರ್ಷಕ್ಕೆ ಇಳಿದಿವೆಯೇ, ಕಿರಿಯ ಹುಡುಗರು ಹಿರಿಯರ ತಂಡಕ್ಕೆ ಏರಿದ್ದಾರೆಯೇ ನೋಡಿ. ಇಬ್ಬರ ಬಗ್ಗೆಯೂ ಹಳೆಯ ಆಟಗಾರರನ್ನು, ಅದರಲ್ಲೂ ಹೆಚ್ಚಾಗಿ ಬೆಂಚಿನಲ್ಲಿ ಕುಳಿತವರನ್ನು ಮಾತನಾಡಿಸಿ. ಕೋಚ್ ನಡೆದುಕೊಳ್ಳುವ ರೀತಿ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹಾಸನದವರ ತಂಡ ವರ್ಷವರ್ಷವೂ ಸುಧಾರಿಸಿದ್ದರೆ ನನ್ನ ಮತ ಅವರಿಗೇ. ಆ ನಾಲ್ಕು ವರ್ಷದ ಪಟ್ಟಿಯನ್ನೇ ಸದಸ್ಯರ ಸಭೆಯಲ್ಲಿ ಓದಿ ಹೇಳಿ, ಕನಿಷ್ಠ ಎರಡು ಋತುಗಳ ಅವಕಾಶ ಕೊಡುವುದಾಗಿ ಅಲ್ಲೇ ಒಪ್ಪಿಗೆ ಪಡೆಯಿರಿ.